ಒಡೆಯದ ಅಚ್ಚು

ಸಿದೋನ್
ದ್ರಾಕ್ಷಿ ತುಳಿಯುವ ತಿಂಗಳು. ವರ್ಷ ಯಾವ ಅರಸನದೆಂದು ಬರೆಯಲಿ? ಅರಸನೇ ಇಲ್ಲ.

ಕಡಲಾಚೆ ಕಿತಿಯೋನಿನಲ್ಲಿ ಸುಖವಾಗಿರುವ ನನ್ನ ಗಂಡ ಗೆರ್ಸಕೋನರಿಗೆ ಅರಿಷತ್ ಹೇಳುವುದೇನೆಂದರೆ: ನೀವು ಕ್ಷೇಮವೇ? ನಾನೂ ಕ್ಷೇಮ. ಎಶ್ಮೂನ್ ದೇವರು ನಿಮಗೆ ದೀರ್ಘಾಯುಸ್ಸು ಕೊಡಲಿ. ಇದನ್ನು ಬಾಯುಪಚಾರಕ್ಕೆ ಹೇಳುತ್ತಿಲ್ಲ. ನೀವು ಬೇಗ ಸತ್ತುಹೋದರೆ ನನಗೆ ಸಮಾಧಾನವಾಗುವುದಿಲ್ಲ.

ನಾಣ್ಯದ ಅಚ್ಚಿನ ಮೇಲೆ ಅಕ್ಷರಗಳನ್ನು ತಿರುಗಿಸಿ ಕೆತ್ತಲು ನೀವೇ ಕಲಿಸಿದ ಕೈಯಿಂದ ಈಗ ನೇರವಾಗಿ ಬರೆಯುತ್ತಿದ್ದೇನೆ. ಖರ್ಜೂರದ ಹಡಗಿನವನು ನಿಮ್ಮ ಕಾಗದ ತಂದುಕೊಟ್ಟ. ಮೊದಲು ನಿಮ್ಮ ಉಳಿಗಳ ಬಗ್ಗೆ ಕೇಳಿದ್ದೀರಿ, ಆಮೇಲೆ ಮಗಳ ಬಗ್ಗೆ. ನಾನೂ ಅದೇ ಕ್ರಮದಲ್ಲಿ ಉತ್ತರಿಸುತ್ತೇನೆ. ಉಳಿಗಳನ್ನು ಮಾರಿ ಜವೆ ತಂದು ತಿಂದೆ. ಮೂಳೆ ಹಿಡಿಯ ಸಣ್ಣ ಉಳಿಯನ್ನು ಯಾರೂ ಕೊಳ್ಳಲಿಲ್ಲ, ಮೀನಿನ ಹೊಟ್ಟೆ ಸೀಳಲು ಚೆನ್ನಾಗಿದೆ.

ಮಗಳ ವಿಷಯಕ್ಕೆ ಬರುವ ಮೊದಲು ನಡೆದದ್ದನ್ನೆಲ್ಲ ಆರಂಭದಿಂದ ಹೇಳಿಬಿಡುತ್ತೇನೆ. ದೂರ ಹೋದವರು ತಮಗೆ ಹಿತವಾದದ್ದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಪಾರಸಿಕರ ಮೇಲೆ ನಮ್ಮೂರು ಎದ್ದ ದಂಗೆ ಅಡಗಿದ ಮೇಲೆ ಅವರ ಲೆಕ್ಕಿಗ ಬಗಪಾತ ನಮ್ಮ ಟಂಕಸಾಲೆಗೆ ಬಂದ. ಕೂಲಿಯ ಗ್ರೀಕ್ ಸಿಪಾಯಿಗಳಿಗಾಗಿ ನಾವು ಎಷ್ಟು ಬೆಳ್ಳಿ ನಾಣ್ಯ ಹೊಡೆದಿದ್ದೆವೋ ಅಷ್ಟನ್ನೂ ಊರು ದಂಡ ತೆರಬೇಕೆಂದು ಅವನ ದೊರೆಯ ಅಪ್ಪಣೆ. ಲೆಕ್ಕದ ಸುರುಳಿಗಳನ್ನು ನಮ್ಮ ಹಿರಿಯರು ಮೊದಲೇ ಸುಟ್ಟು ನಿಶ್ಚಿಂತರಾಗಿದ್ದರು. ಆದರೆ ಸವೆದ ಅಚ್ಚುಗಳನ್ನು ಮುಖಕ್ಕೆ ಉಳಿ ಹೊಡೆದು ಗುಡಿಯ ಅಂಗಳದಲ್ಲಿ ಹೂಳುವುದು ನಮ್ಮ ವಾಡಿಕೆಯಷ್ಟೆ. ಅವನು ಅಂಗಳವನ್ನೇ ಅಗೆಸಿ ಸತ್ತ ಅಚ್ಚುಗಳನ್ನೆಲ್ಲ ಸಾಲಾಗಿ ಜೋಡಿಸಿದ. ಇನ್ನು ಅವನಿಗೆ ತಿಳಿಯಬೇಕಾದದ್ದು ಒಂದೇ: ಒಂದು ಅಚ್ಚು ಸಾಯುವ ಮೊದಲು ಎಷ್ಟು ನಾಣ್ಯ ಹೊಡೆಯುತ್ತದೆ?

"ಅದನ್ನ ಯಾರು ಹೇಳೋಕಾಗುತ್ತೆ ಸ್ವಾಮಿ? ಒಂದು ಮಧ್ಯಾಹ್ನಕ್ಕೇ ಒಡೆದುಹೋಗುತ್ತೆ, ಇನ್ನೊಂದು ನಮ್ಮಜ್ಜಿ ಹಾಗೆ ಎಳೀತಾನೇ ಇರುತ್ತೆ" ಎಂದರು ಹಿರಿಯ ಬಾಲ್ಯತೋನರು.

"ಹಾಗಾದ್ರೆ ಒಂದು ಹೊಸದು ಮಾಡ್ಸಿ. ಸಾಯೋವರೆಗೂ ಹೊಡೀರಿ. ನಾನು ಆಲಿವ್ ಕಾಯಿ ತಿಂತಾ ಎಣಿಸ್ತೀನಿ" ಎಂದು ಅವನು ನಕ್ಕ.

ಬಾಲ್ಯತೋನರು ಒಂದು ಜಾಣತನ ಮಾಡಿದರು. ಅಚ್ಚು ಒಡೆದರೆ ಸರಿ. ಒಡೆಯದೆ ಸವೆದರೆ, ಅದು ಸತ್ತಿತೆಂದು ಹೇಳಿ ಮುಖಕ್ಕೆ ಉಳಿ ಹೊಡೆಯುವ ಹಕ್ಕು ಅದನ್ನು ಕೆತ್ತಿದವನಿಗೆ ಮಾತ್ರ, ಇದು ದೇವರ ಕಟ್ಟಳೆ ಎಂದರು. ಲೆಕ್ಕಿಗ ಅದಕ್ಕೂ ಒಪ್ಪಿದ. ಆ ಕೆಲಸ ನಿಮ್ಮ ಪಾಲಿಗೆ ಬಂತು.

ಅಂದು ನೀವು ಮನೆಗೆ ಬಂದು ನನಗೂ ಮಗಳು ಬತ್ನೋಮಾಳಿಗೂ ಗುಟ್ಟು ಹೇಳಿದಿರಿ. ಅಚ್ಚಿನಲ್ಲಿ ಕೆತ್ತಿದ ರಥದ ಕುದುರೆಯ ಹೊಟ್ಟೆಯ ಗೆರೆಯಿಂದ ಕಂಚಿನೊಳಕ್ಕೆ ಕೂದಲೆಳೆಯಂಥ ಸೀಳು ಬಿಟ್ಟಿದ್ದೇನೆ, ಹೊತ್ತು ಏರುವಷ್ಟರಲ್ಲಿ ಎರಡು ಹೋಳಾಗುತ್ತದೆ ಎಂದಿರಿ. ಮಗಳು ನಿಮ್ಮ ಕೈಗೆ ಮುತ್ತಿಟ್ಟಳು. ಮರುದಿನ ಬೀದಿಯಲ್ಲೆಲ್ಲ ಅವಳದೇ ಮಾತು: "ಹೆದರ್ಬೇಡಿ ಅತ್ತೆ, ಅಪ್ಪ ಇದಾರೆ."

ನಾಣ್ಯ ಹೊಡೆಯುವ ಮತ್ತನ್ ಸುತ್ತಿಗೆ ಎತ್ತಿದ. ಬೆಳ್ಳಿ ಸಾಲದೆ, ಹೊಡೆದ ನಾಣ್ಯವನ್ನೇ ಕರಗಿಸಿ ಮತ್ತೆ ಬಿಲ್ಲೆ ಎರೆದರು. ಒಂದೊಂದು ಏಟಿಗೂ ಲೆಕ್ಕಿಗ ಒಂದು ಬೀಜವನ್ನು ಬುಟ್ಟಿಗೆ ಉಗಿಯುತ್ತಿದ್ದ. ಟಂಕಸಾಲೆಯ ಗೋಡೆಯಾಚೆ ಇಡೀ ಊರು ನಿಂತಿತ್ತು, ಅಚ್ಚು ಬೇಗ ಒಡೆದಷ್ಟೂ ದಂಡ ಕಡಿಮೆ. ಅಷ್ಟು ಜನ ಸೇರಿ ಒಂದು ತುಂಡು ಕಂಚು ಒಡೆಯಲಿ ಎಂದು ಬೇಡಿಕೊಂಡದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಹೊತ್ತು ನೆತ್ತಿಗೆ ಬಂತು, ಅಚ್ಚು ಒಡೆಯಲಿಲ್ಲ. ಆದರೆ ಕುದುರೆಗಳ ಕಾಲುಗಳು ಮಸುಕಾಗಿದ್ದವು. ಸವೆದು ಸತ್ತಿತೆನ್ನಲು ಅಷ್ಟು ಸಾಕಾಗಿತ್ತು. ಬಾಲ್ಯತೋನರು ಬಾಗಿಲಿಗೆ ಬಂದು ಕೂಗಿದರು, "ಗೆರ್ಸಕೋನಾ, ಎಲ್ಲಿದೀಯೋ? ಬಂದು ಸತ್ತಿದೆ ಅಂತ ಒಂದು ಮಾತು ಹೇಳೋ!"

ನೀವು ಆಗಲೇ ಹಡಗು ಹತ್ತಿದ್ದಿರಿ. ಅಚ್ಚು ಒಡೆಯದಿದ್ದರೆ ನನ್ನ ತಲೆ ಹೋಗುತ್ತದೆಂದು ಹೆದರಿದೆ ಎಂದು ಬರೆದಿದ್ದೀರಿ. ನಿಮ್ಮ ತಲೆ ಭದ್ರವಾಗಿದೆ ಎಂದು ತಿಳಿದು ಸಂತೋಷವಾಯಿತು.

ಸತ್ತಿತೆಂದು ಹೇಳುವವನಿಲ್ಲದ ಮೇಲೆ ಅಚ್ಚು ಸಾಯುವುದು ಹೇಗೆ? ಕಟ್ಟಳೆ ಎಂದವರೇ ಅದಕ್ಕೆ ಸಿಕ್ಕಿಬಿದ್ದರು. ಮತ್ತನ್ ಓರೆಯಾಗಿ ಹೊಡೆದ, ಬುಡಕ್ಕೆ ಹೊಡೆದ, ಏನು ಮಾಡಿದರೂ ಒಡೆಯಲಿಲ್ಲ. ಮೂರನೆಯ ದಿನ ಕುದುರೆಯೂ ಇರಲಿಲ್ಲ, ರಥವೂ ಇರಲಿಲ್ಲ, ಬರೀ ಉಬ್ಬುತಗ್ಗು ಬೀಳುತ್ತಿತ್ತು. ಕೊನೆಗೆ ಲೆಕ್ಕಿಗನಿಗೇ ಬಾಯಿ ಉಪ್ಪಾಗಿ, "ಸಾಕು, ಇಷ್ಟು ಅಂತ ಇಟ್ಕೊಳ್ಳೋಣ" ಎಂದ. ಅಂಗಳದಲ್ಲಿ ಮಲಗಿದ್ದ ಪ್ರತಿಯೊಂದು ಅಚ್ಚಿಗೂ ಒಂದೊಂದು ಬುಟ್ಟಿ ಬೀಜ, ಬೀಜಕ್ಕೊಂದು ನಾಣ್ಯ. ಹುಟ್ಟಿದ ದಿನವೇ ಸತ್ತ ಅಚ್ಚಿಗೂ ಅಷ್ಟೇ.

ಹೆಂಗಸರ ಕಿವಿಯದು, ಗುಡಿಯ ಬಟ್ಟಲು, ಹೆಣದ ಬಾಯಿಗೆ ಕಟ್ಟುವ ಬೆಳ್ಳಿಪಟ್ಟಿ ಎಲ್ಲ ಸುರಿದರೂ ದಂಡ ತುಂಬಲಿಲ್ಲ. ಉಳಿದದ್ದಕ್ಕೆ ಗುಲಾಮರಾಗಿ ಮಾರಲು ಆಳುಗಳನ್ನು ಕೊಡಿ ಎಂದರು ಪಾರಸಿಕರು. "ಅಚ್ಚು ಕೆತ್ತಿದೋನ ಮನೆಯಿಂದ್ಲೇ ಶುರುವಾಗ್ಲಿ" ಎಂದು ಬಾಲ್ಯತೋನರು ಹೇಳಿದಾಗ ನಾನು ಅವರ ಕಾಲು ಹಿಡಿದೆ. ಅವರು ಮೆಲ್ಲಗೆ ಕಾಲು ಎಳೆದುಕೊಂಡರು.

ಇದು ಮಗಳ ಸಮಾಚಾರ. ಮದುವೆಗೆಂದು ನೇಯ್ದ ನಡುಪಟ್ಟಿಯನ್ನೇ ಸುತ್ತಿಕೊಂಡು ಹೋದಳು. ಆಳುಗಳನ್ನು ಸಾಲಾಗಿ ಕಟ್ಟಿದ ಹಗ್ಗದ ಮೊದಲ ಗಂಟು ಅವಳದು.

ಊರು ಏನೆನ್ನುತ್ತದೆ ಎಂದು ಕೇಳಿದ್ದೀರಿ. ಗೆರ್ಸಕೋನನಿಗೆ ಕಳಪೆ ಅಚ್ಚು ಕೆತ್ತಲು ಕೈ ಬರಲಿಲ್ಲ, ಅವನ ಜಂಬಕ್ಕೆ ನಮ್ಮ ಮಕ್ಕಳು ಬಲಿಯಾದರು ಎನ್ನುತ್ತದೆ. ಬಾವಿಕಟ್ಟೆಯಲ್ಲಿ ನಿಮ್ಮ ಹೆಸರು ಹೇಳಿ ಉಗುಳುತ್ತಾರೆ, ನನ್ನ ಕೊಡದ ಪಕ್ಕದಲ್ಲೇ.

ಸೀಳು ಬಿಟ್ಟದ್ದು ದೇವರಾಣೆ ನಿಜ, ಆ ಅಚ್ಚನ್ನು ಹುಡುಕಿ ಒಡೆದು ಹಿರಿಯರಿಗೆ ತೋರಿಸು, ನಾನು ಮನೆಗೆ ಬರುತ್ತೇನೆ ಎಂದು ಗೋಗರೆದಿದ್ದೀರಿ. ಅಚ್ಚು ನನ್ನ ಬಳಿ ಇಲ್ಲ. ನೀವು ಬರಬೇಡಿ. ಬಂದರೆ ಹಡಗುಕಟ್ಟೆಯಲ್ಲೇ ಕಲ್ಲು ಹೊಡೆಯುತ್ತಾರೆ. ಮೊದಲ ಕಲ್ಲು ನನ್ನದಲ್ಲ, ಆ ಹಕ್ಕು ಇರುವ ತಾಯಂದಿರು ಬಹಳ ಜನ ಇದ್ದಾರೆ. ನಾನು ಹಿಂದೆ ನಿಂತು ನನ್ನ ಸರದಿಗೆ ಕಾಯುತ್ತೇನೆ.

ಅಲ್ಲಿ ಚಳಿಗಾಳಿ ಜೋರಂತೆ. ಎದೆ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ ಹೆಂಡತಿ
ಅರಿಷತ್

ಹೆಸರು ಹಾಕಿದ ಮೇಲೆ ಇನ್ನೊಂದು ಮಾತು. ಅಚ್ಚು ನನ್ನ ಬಳಿ ಇಲ್ಲ ಎಂದದ್ದು ನಿಜ. ಆದರೆ ಇತ್ತು. ಲೆಕ್ಕಿಗ ಎದ್ದುಹೋದ ಸಂಜೆ ಮತ್ತನ್ ನಮ್ಮ ಬಾಗಿಲಿಗೆ ಬಂದು, "ತಗೋ, ನಿನ್ನ ಗಂಡ ಹೆತ್ತ ಗಟ್ಟಿ ಮಗ" ಎಂದು ಅದನ್ನು ಎಸೆದು, ತಿರುಗಿಯೂ ನೋಡದೆ ಹೋದ. ಹೊಸ್ತಿಲ ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ನೀವು ಹೇಳಿದ ಜಾಗದಲ್ಲೇ, ಹೇಳಿದ ಹಾಗೇ. ಊರಿಗೆ ತೋರಿಸಿದ್ದರೆ ನೀವು ತಪ್ಪಿಲ್ಲದವರಾಗಿ ಬಂದು, ಅವಳಿಲ್ಲದ ಮನೆಯಲ್ಲಿ ಕುಳಿತು ಊಟ ಮಾಡುತ್ತಿದ್ದಿರಿ. ಅದನ್ನು ನನ್ನ ಕಣ್ಣಿಂದ ನೋಡಲಾರೆ. ಎರಡೂ ಹೋಳುಗಳನ್ನು ಕಡಲಿಗೆ ಹಾಕಿದೆ.

ಹಾಕುವ ಮೊದಲು ಒಬ್ಬಳಿಗೆ ಮಾತ್ರ ತೋರಿಸಿದೆ. ಅವಳನ್ನು ಕರೆದೊಯ್ಯುವ ಹಿಂದಿನ ದಿನ ಮಡಿಲಿಗೆ ಹಾಕಿ, "ನಿಮ್ಮಪ್ಪ ಸುಳ್ಳು ಹೇಳಿರ್ಲಿಲ್ಲ ಕಣೇ" ಎಂದೆ. ಅಷ್ಟಾದರೂ ಸಮಾಧಾನ ಕಟ್ಟಿಕೊಂಡು ಹೋಗಲಿ ಎಂದುಕೊಂಡಿದ್ದೆ. ಅವಳು ಹೋಳುಗಳನ್ನು ಕೂಡಿಸಿ ನೋಡಿದಳು, ಬಿಡಿಸಿ ನೋಡಿದಳು. ಆಮೇಲೆ ಕೇಳಿದಳು, "ಹಾಗಾದ್ರೆ ಅಪ್ಪ ಯಾಕಮ್ಮಾ ಓಡಿಹೋದ್ರು?"

ಉತ್ತರ ನಿಮಗೆ ಗೊತ್ತಿರಬೇಕು. ಅವಳಿಗೇ ಬರೆಯಿರಿ. ಯಾವ ಊರಿಗೆ ಮಾರಿದರೆಂದು ಮಾತ್ರ ನನಗೆ ಯಾರೂ ಹೇಳಲಿಲ್ಲ.