ಬಸವಿ ಬಿಡುವ ಕತ್ತಿ

ಸಿಂಗಟಗೆರೆ ಹತ್ತಿರದ ನಮ್ಮ ಹಟ್ಟಿಯಿಂದ
ಸೋಮವಾರ, ೧೨ ಫೆಬ್ರವರಿ ೧೯೨೩

ಪ್ರೀತಿಯ ಕರಿಯಮ್ಮನಿಗೆ ನಿನ್ನ ಹುಚ್ಚಿ ಮಾಡುವ ವಂದನೆಗಳು.

ನೀನು ಗಂಡನ ಮನೆಗೆ ಹೋದ ಮೇಲೆ ಒಂದು ಸಾಲೂ ಬರೆಯದವಳು ಈಗ ಬರೆದಳಲ್ಲ ಎಂದು ಮೂಗಿನ ಮೇಲೆ ಬೆರಳಿಡಬೇಡ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಪಂಚಮರ ಸ್ಕೂಲಿನ ಜಗಲಿಯಲ್ಲಿ ಮರಳಿನ ಮೇಲೆ ನಾವಿಬ್ಬರೂ ತೀಡಿದ ಅಕ್ಷರ ಮರೆತುಹೋಯಿತು ಅಂದುಕೊಂಡಿದ್ದೆ, ಕೈ ಮರೆತಿಲ್ಲ. ಶಿವನಿಯಲ್ಲಿ ರೈಲಿನ ಸದ್ದಿಗೆ ನಿದ್ದೆ ಬರುತ್ತದಾ? ಈರಪ್ಪ ಭಾವ ಇನ್ನೂ ಹಳಿಯ ಗ್ಯಾಂಗಿನಲ್ಲೇ ಇದ್ದಾನೆ ತಾನೇ? ನಿನಗೆ ಮಕ್ಕಳಾಗಲಿಲ್ಲವೆಂದು ಕೇಳಿ ಸಂಕಟವಾಯಿತು.

ಇಲ್ಲಿಯ ಸುದ್ದಿ ಒಳ್ಳೆಯದಲ್ಲ. ಹೋದ ಸುಗ್ಗಿಯಲ್ಲಿ ಅವ್ವ ತೀರಿಕೊಂಡಳು. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವಳು ನಾನೇ. ಗಂಡಿಲ್ಲದ ಮನೆಯಲ್ಲಿ ಮಗಳನ್ನು ದೇವರಿಗೆ ಬಸವಿ ಬಿಟ್ಟರೆ ಅವಳೇ ಮಗ. ಅಪ್ಪನ ತೋಟಿ ಕೆಲಸ, ಅದಕ್ಕೆ ಕೊಟ್ಟ ಮಾನ್ಯದ ಹೊಲ, ಊರಿನ ತಮಟೆ, ಎಲ್ಲ ಅವಳದ್ದು. ಅಪ್ಪನ ಮಂಡಿ ಹಿಡಿದುಕೊಂಡ ಮೇಲೆ ಸಾವಿನ ಸುದ್ದಿ ಹೊತ್ತು ಊರೂರು ನಡೆಯುವವಳೂ ನಾನೇ. ಇದೆಲ್ಲ ಹಗಲಿನ ಮಾತಾಯಿತು. ಕತ್ತಲಾದರೆ ಬಸವಿ ಊರಿಗೆಲ್ಲ ಸೇರಿದವಳು, ಬಾಗಿಲಿಗೆ ಅಗುಳಿ ಹಾಕುವಂತಿಲ್ಲ. ಪಟೇಲರ ಜಗಲಿಗೆ ನಾನು ಮೈಲಿಗೆ. ಆ ಮನೆಯ ಗಂಡಸರಿಗೆ ನನ್ನ ಚಾಪೆ ಮೈಲಿಗೆಯಲ್ಲ. ನಾನು ಯಾವ ಗಂಡಸನ್ನೂ ಬಯಸಿದವಳಲ್ಲ. ನನ್ನ ಮಗಳು ಕೆಂಚಿಯ ಅಪ್ಪ ಯಾರೆಂದು ಯಾರಿಗೂ ಹೇಳಿಲ್ಲ, ಅವಳ ಮೂಗೇ ಹೇಳುತ್ತದೆ.

ಈಗ ಅಪ್ಪ ಕೆಂಚಿಯನ್ನೂ ಬಸವಿ ಬಿಡುತ್ತಾನಂತೆ. ಬರುವ ಹುಣ್ಣಿಮೆಗೆ ನಿಶ್ಚಯವಾಗಿದೆ. ಗುಡಿಯ ಕತ್ತಿ ನಮ್ಮ ಮನೆಯಲ್ಲೇ ಇರುತ್ತದಲ್ಲ, ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತಿದ್ದ. "ಬ್ಯಾಡ ಕಣಪ್ಪಾ, ನಂಗಾದದ್ದು ಸಾಲ್ದಾ?" ಎಂದೆ.

"ನೀನು ಹೋದ್ಮೇಲೆ ಮಾನ್ಯ ಯಾರ್ ನೋಡ್ತಾರೆ? ನೀನು ಗಂಡು ಹೆತ್ತಿದ್ರೆ ಈ ಮಾತೇ ಬತ್ತಿರ್ಲಿಲ್ಲ. ನಿನ್ನ ಬಿಟ್ಟಿದ್ಕೆ ತಾನೆ ಮೂರು ಜನ ಗಂಜಿ ಕುಡೀತಿರೋದು?" ಎಂದ. ಹೇಳುತ್ತಾ ಅವನೇ ಅತ್ತ. ಕೆಟ್ಟವನಲ್ಲ ಕಣೇ, ನನಗೆ ಅವನನ್ನು ದ್ವೇಷಿಸಲೂ ಬರುವುದಿಲ್ಲ.

ಪಟೇಲರ ಅಂಗಳದ ಆಚೆ ನಿಂತು, ನೀವಾದರೂ ಬೇಡವೆನ್ನಿ ಎಂದು ಕೈಮುಗಿದೆ. "ಅದು ನಿಮ್ ಜಾತಿ ಪದ್ಧತಿ ಕಣಮ್ಮಿ. ನಾವು ಬಾಯಿ ಹಾಕೋಕಾಗ್ತದಾ?" ಎಂದರು. ಅವರು ಬಾಯಿ ಹಾಕದೆ ಬಿಟ್ಟದ್ದು ಅದೊಂದೇ. ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಮಗನಿಗೆ ಕೆಂಚಿಯದೇ ಮೂಗು.

ಅದಕ್ಕೇ ಕೆಂಚಿಯನ್ನು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ಶುಕ್ರವಾರ ಕಡೂರಿನವರೆಗೆ ನಾನೇ ನಡೆಸಿಕೊಂಡು ಹೋಗಿ ರೈಲು ಹತ್ತಿಸುತ್ತೇನೆ. ಅಜ್ಜಂಪುರ ಆದ ಮೇಲೆ ಶಿವನಿ, ಶಿವನಿಯಲ್ಲಿ ಇಳಿ ಎಂದು ಬಾಯಿಪಾಠ ಮಾಡಿಸಿದ್ದೇನೆ. ನಿದ್ದೆಯಲ್ಲೂ ಅದನ್ನೇ ಹೇಳುತ್ತಾಳೆ. ನೀನು ಸ್ಟೇಷನ್ನಿಗೆ ಬಾ. ಬಾರದಿದ್ದರೆ ಅವಳಿಗೆ ಈ ಲೋಕದಲ್ಲಿ ಬೇರೆ ಯಾರೂ ಇಲ್ಲ. ತಮಟೆ ಮಾತ್ರ ಕಲಿಸಬೇಡ, ಅಕ್ಷರ ಕಲಿಸು. ಕೇಳಿದವರಿಗೆ ತಂಗಿಯ ಮಗಳು ಅನ್ನು. ಅವಳು ಮತ್ತೆ ಈ ಕಡೆ ಬರಬಾರದು. ನಾನು ನೋಡಲು ಬಂದರೆ ನನ್ನ ಹೆಜ್ಜೆ ಹಿಡಿದು ಇವರೂ ಬರುತ್ತಾರೆ, ಅದಕ್ಕೇ ನಾನೂ ಬರುವುದಿಲ್ಲ. ಅಪ್ಪ ಹೊಡೆದರೂ ನಾನು ಬಾಯಿ ಬಿಡುವವಳಲ್ಲ.

ಆ ಕತ್ತಿಯನ್ನೇ ಕೆರೆಗೆ ಎಸೆಯಬಹುದಿತ್ತಲ್ಲ ಎನ್ನುತ್ತೀ. ನಿಜ. ಕತ್ತಿಯಿಲ್ಲದೆ ಶಾಸ್ತ್ರವಿಲ್ಲ. ಹೊಸದು ಮಾಡಿಸಿ, ಗುಡಿಯಲ್ಲಿಟ್ಟು ಪೂಜೆ ಮಾಡಿಸುವಷ್ಟರಲ್ಲಿ ಕೆಂಚಿಗೆ ಹನ್ನೆರಡು ಕಳೆಯುತ್ತಿತ್ತು. ಹನ್ನೆರಡು ಕಳೆದವಳನ್ನು ನಮ್ಮ ಕೇರಿಯಲ್ಲಿ ಬಸವಿ ಬಿಡುವುದಿಲ್ಲ. ಮಗಳು ನನ್ನ ಬಳಿಯೇ ಉಳಿಯುತ್ತಿದ್ದಳು. ಎಸೆಯಲೆಂದೇ ಒಂದು ಬೆಳಿಗ್ಗೆ ಸೆರಗಿನಲ್ಲಿ ಮುಚ್ಚಿಕೊಂಡು ಕೆರೆ ಏರಿಯವರೆಗೂ ಹೋಗಿದ್ದೆ. ಹಾಗೆಯೇ ವಾಪಸು ತಂದೆ.

ನಿನ್ನ ಒಲೆ ಆರದಿರಲಿ. ಈರಪ್ಪ ಭಾವನ ಕೈಕಾಲು ಗಟ್ಟಿಯಾಗಿರಲಿ. ಕೆಂಚಿ ನಿನ್ನನ್ನು ಅವ್ವ ಎಂದರೆ ಬೇಡವೆನ್ನಬೇಡ.

ನಿನ್ನ
ಹುಚ್ಚಿ

ಇದೊಂದು ಮಾತು ಬಾಕಿ ಇದೆ. ನೀನೊಬ್ಬಳೇ ಓದಿ ಒಲೆಗೆ ಹಾಕು. ನನ್ನನ್ನು ಬಸವಿ ಬಿಟ್ಟ ದಿನ ಕಂಬಳಿಯ ಮೇಲೆ ಮದುಮಗನ ಜಾಗದಲ್ಲಿ ಕತ್ತಿ ಇಟ್ಟರು. ಅದು ನೆಟ್ಟಗೆ ನಿಲ್ಲಲೆಂದು ಹಿಡಿದುಕೊಳ್ಳಲು ನಿನ್ನನ್ನು ಕೂರಿಸಿದರು. ತಾಳಿ ಕಟ್ಟುವಾಗ ನಿನ್ನ ಕೈಯಲ್ಲಿ ಕತ್ತಿ ವಾಲಿ, ಅದರ ತುದಿಗೆ ಚುಚ್ಚಿದ್ದ ನಿಂಬೆಹಣ್ಣು ನನ್ನ ಮಡಿಲಿಗೆ ಬಿತ್ತು. ಎಲ್ಲರೂ ನಕ್ಕರು, ನೀನೂ ನಕ್ಕೆ. ದೇವರೇ ನಿನ್ನ ಗಂಡ ಎಂದರು. ನಾನು ದೇವರನ್ನು ನೋಡಲಿಲ್ಲ, ಕತ್ತಿಯ ಹಿಡಿಯ ಮೇಲಿದ್ದ ನಿನ್ನ ಕೈಯನ್ನು ನೋಡಿದೆ. ಈರಪ್ಪನ ಜೊತೆ ನಿನ್ನ ಮದುವೆಯಾದಾಗ, ನಾನು ನಮ್ಮ ಮನೆಯ ಮಗನಲ್ಲವೇ, ತಮಟೆ ಬಡಿದವಳೂ ನಾನೇ. ಬೆರಳು ಒಡೆದು ರಕ್ತ ಬಂದದ್ದು ಅಳುವುದಕ್ಕೆ ನೆಪವಾಯಿತು. ಕೆರೆ ಏರಿಯ ಮೇಲೆ ನಿಂತು ಆ ಹಿಡಿಯನ್ನು ಬಿಡಲು ನನಗೆ ಆಗಲಿಲ್ಲ. ಹೆತ್ತ ಮಗಳನ್ನು ರೈಲು ಹತ್ತಿಸುತ್ತಿದ್ದೇನೆ ಕಣೇ ಕರೀ, ಕತ್ತಿ ಮನೆಯಲ್ಲೇ ಇದೆ.