ಗೊಬ್ಬರ ಮುಟ್ಟದ ಎರಡು ಸಾಲು

ಗೊಕಯಾಮ
ಡಿಸೆಂಬರ್ ೪

ಪ್ರೀತಿಯ ಅಮ್ಮ,

ನಿನ್ನೆಯಿಂದ ಮೊದಲ ಹಿಮ ಬೀಳುತ್ತಿದೆ. ನದಿ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ನೀನು ಒಲೆ ಹಚ್ಚದೆ ಹದಿನಾಲ್ಕು ದಿನವಾಯಿತು. ಆದರೂ ಬೆಳಗ್ಗೆ ಕಣ್ಣು ಬಿಟ್ಟರೆ ಮನೆತುಂಬ ಸೋಯಾ ಹಾಲಿನ ಹಬೆ ಇದ್ದಂತೆ ಅನ್ನಿಸುತ್ತದೆ. ಕಣ್ಣುಜ್ಜಿಕೊಂಡರೆ ಅದು ಕಿಟಕಿಯಾಚೆಯ ಹಿಮ. ಮಂಡಿನೋವಿಗೆ ಬೆಟ್ಟದ ಕೆಳಗಿನ ಜೊಹಾನ ಊರೇ ವಾಸಿ ಎಂದು ಚಿಕ್ಕಮ್ಮನ ಮನೆಗೆ ಹೋದೆ. ಮಂಡಿಗಾಗಿ ಹೋದದ್ದಲ್ಲ ಎಂದು ನನಗೆ ಗೊತ್ತು.

ಗುರುಸ್ಮರಣೆಯ ಊಟದ ದಿನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹುಲ್ಲಹಗ್ಗದಲ್ಲಿ ಕಟ್ಟಿದರೂ ಒಡೆಯದ ನಮ್ಮೂರ ಗಟ್ಟಿ ತೋಫುವನ್ನು ಕೈಯಲ್ಲಿ ತೂಗಾಡಿಸುತ್ತ ನೀನು ಮೂವತ್ತೆಂಟು ವರ್ಷ ದೇಗುಲದ ದಾರಿಯ ಸೇತುವೆ ದಾಟಿದ್ದೀಯ. ಈ ಸಲ ಸೇತುವೆಯ ನಡುವೆ ಹಗ್ಗ ತೋಫುವನ್ನು ಕೊಯ್ದುಬಿಟ್ಟಿತು. ಚೂರುಗಳನ್ನು ಬಟ್ಟಲಲ್ಲಿ ಹಾಕಿಕೊಂಡು ದೇಗುಲಕ್ಕೆ ಹೋದಾಗ ಯೋಹೇ ಅಜ್ಜ, "ಏನಮ್ಮಾ ಕಿನುಯೆ, ಈ ವರ್ಷ ತೋಫು ತಂದ್ಯಾ, ಗಂಜಿ ತಂದ್ಯಾ?" ಎಂದರು. ಎಲ್ಲರೂ ನಕ್ಕರು, ನೀನೂ ನಕ್ಕೆ. ಮನೆಗೆ ಬಂದು ಅಚ್ಚಿನ ಪೆಟ್ಟಿಗೆ ತೊಳೆದು ಬೋರಲು ಹಾಕಿ, "ಕೈಗೆ ವಯಸ್ಸಾಯ್ತು ಕಣೇ ಸನಾಯೆ, ಇನ್ನು ಸಾಕು" ಎಂದೆ. ನಾನು ಪಕ್ಕದಲ್ಲೇ ನಿಂತು ಲೋಟ ಒರೆಸುತ್ತಿದ್ದೆ.

ಅಮ್ಮ, ತಪ್ಪು ನಿನ್ನ ಕೈಯದಲ್ಲ, ನನ್ನದು.

ಜೂನ್‌ನಲ್ಲಿ ಗದ್ದೆಗೆ ಸೋಯಾ ಬಿತ್ತುವಾಗ ನೀನು ಹೇಳಿದ್ದೆ: "ಇದಕ್ಕೆ ಬಡಿಸೋಕೆ ಹೋಗ್ಬೇಡ. ಅದು ಬೇರಲ್ಲೇ ಅಡುಗೆ ಮಾಡ್ಕೊಳ್ಳುತ್ತೆ." ನಾನು ತಲೆಯಾಡಿಸಿದೆ. ಆದರೆ ನನ್ನದು ಭತ್ತ ಬೆಳೆದ ಕೈ. ಎಲೆ ಸ್ವಲ್ಪ ಹಳದಿಯಾದರೆ ಸಾಕು, ಗೊಬ್ಬರದ ಚೀಲಕ್ಕೆ ಹೋಗುತ್ತದೆ. ನೀನು ಕಣ್ಣಿನ ಡಾಕ್ಟರ ಹತ್ತಿರ ಹೋದ ದಿನ ಯೂರಿಯಾ ಎರಚಿದೆ. ಹೂ ಬಿಟ್ಟಾಗ ಮತ್ತೊಮ್ಮೆ ಎರಚಿದೆ. ಹೊಲ ಎಷ್ಟು ಹಸಿರಾಯಿತೆಂದರೆ, ಬೆಳಗಿನ ಮಂಜಿನಲ್ಲಿ ಸಾಲುಗಳ ನಡುವೆ ನಡೆದರೆ ಸೊಂಟದವರೆಗೆ ಕೆರೆಗೆ ಇಳಿದಂತಿರುತ್ತಿತ್ತು. ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ.

ಆಗಸ್ಟಿನಲ್ಲಿ ಒಂದು ಗಿಡ ಕಿತ್ತು ನೋಡಿದೆ. ಗಾಳಿಯಿಂದಲೇ ಗೊಬ್ಬರ ಮಾಡಿಕೊಳ್ಳುವ ಬೇರಿನ ಗಂಟುಗಳು ಎಣಿಸುವಷ್ಟೂ ಇರಲಿಲ್ಲ. ಉಗುರಿನಲ್ಲಿ ಒಡೆದರೆ ಒಳಗೆ ಇರಬೇಕಾದ ನಸುಗೆಂಪು ಇಲ್ಲ, ಬರೀ ಬಿಳಿಚು. ಕೂತಲ್ಲಿಗೇ ಊಟ ಬಂದರೆ ಯಾರು ತಾನೇ ಒಲೆ ಹಚ್ಚುತ್ತಾರೆ? ಆ ಗಿಡವನ್ನು ಮಣ್ಣಲ್ಲಿ ಮುಚ್ಚಿಬಿಟ್ಟೆ. ಸುಗ್ಗಿಯಲ್ಲಿ ಚೀಲಗಳು ಹೆಚ್ಚೇ ಬಂದವು. ಸಹಕಾರ ಸಂಘದ ಪರೀಕ್ಷೆಯಲ್ಲಿ ಪ್ರೋಟೀನೂ ಹೆಚ್ಚು ಬಂತು. ನೀನು ಕಾಳನ್ನು ಅಂಗೈಯಲ್ಲಿ ಹಿಡಿದು ಮೆಚ್ಚಿಕೊಂಡಾಗ ಉಬ್ಬಿಹೋದೆ.

ತೋಫು ಒಡೆದ ಮೇಲೆ ಸಂಘದ ಕುರಮೋಚಿಯವರನ್ನು ಕೇಳಿದೆ. "ಪ್ರೋಟೀನ್ ಜಾಸ್ತಿ ಇದೆ ಕಣಮ್ಮ, ಸುಳ್ಳಲ್ಲ. ಆದ್ರೆ ಎಲ್ಲಾ ಪ್ರೋಟೀನೂ ಒಂದೇ ಅಲ್ಲ. ಒಂದು ಗಟ್ಟಿಯಾಗಿ ಕಟ್ಟುತ್ತೆ, ಇನ್ನೊಂದು ಮೆತ್ತಗೆ ಕೂರುತ್ತೆ. ನೀನು ಗೊಬ್ಬರ ಸುರಿದು ಮೆತ್ತಗಿರೋದನ್ನ ಬೆಳೆಸಿದ್ದೀಯ" ಎಂದರು.

ಕಾಲುವೆ ಬದಿಯ ಎರಡು ಸಾಲಿಗೆ ಯೂರಿಯಾ ಸಾಲದೆ ಹೋಗಿತ್ತು. ಅವು ಎಷ್ಟು ಬಡವಾಗಿವೆ ನೋಡು ಎಂದು ನಿನಗೆ ತೋರಿಸಲಿಕ್ಕೇ ಬೇರೆಯಾಗಿ ಬಡಿದು ಇಟ್ಟಿದ್ದೆ. ನಿನ್ನೆ ಆ ಕಾಳು ರುಬ್ಬಿ, ನಿನ್ನ ಒಲೆ ಹಚ್ಚಿ, ಹಾಲು ಒಡೆದು ಗಟ್ಟಿಯಾಗಲೆಂದು ನಿನ್ನ ಸೌಟಿನಿಂದಲೇ ಕಹಿ ಉಪ್ಪುನೀರು ಹಾಕಿದೆ. ಕಲ್ಲು ಹೇರಿ ಕಾದೆ. ಹಗ್ಗ ಕಟ್ಟಿ ಹಿಮದಲ್ಲಿ ಮೂರು ಸಲ ಸೇತುವೆ ದಾಟಿದೆ, ತೋಫು ಒಡೆಯಲಿಲ್ಲ. ಮೂಲೆಗಳು ಸೊಟ್ಟಗಿವೆ, ಹಾಲು ತಳ ಹಿಡಿದ ವಾಸನೆಯೂ ಇದೆ. ನನ್ನಂಥವಳ ಕೈಯಲ್ಲೇ ಕಟ್ಟಿಕೊಂಡಿತೆಂದರೆ ನಿನ್ನ ಕೈಗೆ ಏನೂ ಆಗಿಲ್ಲ.

ನಿನ್ನ ಮಗಳು
ಸನಾಯೆ

ತಾ.ಕ.: ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಾನು ಕುರಮೋಚಿಯವರನ್ನು ಕೇಳಿದ್ದು ತೋಫು ಒಡೆದ ಮೇಲಲ್ಲ, ಅದಕ್ಕೆ ಒಂದು ವಾರ ಮೊದಲು. ನೀನು ಹಗ್ಗ ಕಟ್ಟುವಾಗ ನನಗೆ ಎಲ್ಲ ಗೊತ್ತಿತ್ತು. ಇಷ್ಟನ್ನು ಚಿಕ್ಕಮ್ಮನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ತೋಫು ಬಾಗಿಲ ಗೂಟದಲ್ಲಿದೆ, ಹಗ್ಗ ಹಿಡಿದು ಎತ್ತಿ ನೋಡು. ನಾನು ಬಸ್ ನಿಲ್ದಾಣದ ಬೆಂಚಿನಲ್ಲಿ ಇರುತ್ತೇನೆ. ಬೈಯಲಿಕ್ಕಾದರೂ ಬಾ. ಆ ಎರಡು ಸಾಲಿನ ಕಾಳು ಇನ್ನೊಂದು ಅಚ್ಚಿಗಾಗುವಷ್ಟು ಉಳಿದಿದೆ, ಮನೆಯಲ್ಲಿ ನೆನೆಹಾಕಿ ಬಂದಿದ್ದೇನೆ.