ಒಂದೇ ಫ್ರಿಜ್ಜಿನಿಂದ ಉದ್ಧಾರವಾದ ಬೀದಿ

ಪ್ರದೇಶಗಳ ಏಳಿಗೆಯನ್ನು ಅಳೆದು, ಒಂದಕ್ಕೊಂದನ್ನು ಹೋಲಿಸಿ, ದರ್ಜೆ ದಯಪಾಲಿಸುವ ಇಲಾಖೆಯ ಮಾನ್ಯ ನಿರ್ದೇಶಕರೇ,

ತಾವು ನಮ್ಮನ್ನು ಉದ್ಧಾರ ಮಾಡಿದ್ದು ಸಾಕು, ದಯವಿಟ್ಟು ನಮ್ಮ ನರ್ಸಮ್ಮನನ್ನು ವಾಪಸು ಕಳಿಸಿ. ತಮ್ಮ ಹೊಸ ವರದಿಯಲ್ಲಿ ನಮ್ಮ ಪ್ರದೇಶ 'ಹಿಂದುಳಿದ' ದರ್ಜೆಯಿಂದ 'ಮುಂದುವರಿದ' ದರ್ಜೆಗೆ ಜಿಗಿದಿದೆಯಂತೆ. ಜಿಗಿದವರ ಮನೆಬಾಗಿಲಿಗೆ ನರ್ಸು ಯಾಕೆ ಎಂದು ಆಕೆಯನ್ನು ಬೇರೆಡೆಗೆ ವರ್ಗ ಮಾಡಿದ್ದೀರಿ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಅವರ ಕಾಲಿನ ಹುಣ್ಣನ್ನು ದಿನ ಬಿಟ್ಟು ದಿನ ತೊಳೆದು ಕಟ್ಟುತ್ತಿದ್ದವರು ಆ ನರ್ಸಮ್ಮ. ಬಟ್ಟೆ ಸುತ್ತುವುದು ನನಗೂ ಗೊತ್ತು, ಆದರೆ ಕೀವು ತುಂಬಿದ ಹುಣ್ಣನ್ನು ತೊಳೆಯುವುದು ಕಲಿತವರ ಕೆಲಸ. ದೊಡ್ಡಾಸ್ಪತ್ರೆಗೆ ಹೋಗಲು ಎರಡು ಬಸ್ಸು ಹಿಡಿಯಬೇಕು, ಅತ್ತೆಗೆ ಕಾಲು ಊರಲಾಗುವುದಿಲ್ಲ. ಹುಣ್ಣು ಈಗ ಹಿಮ್ಮಡಿ ದಾಟಿ ಮೇಲಕ್ಕೆ ಹತ್ತುತ್ತಿದೆ. ನಮ್ಮ ಮನೆಯಲ್ಲಿ ಏರುಗತಿಯಲ್ಲಿರುವುದು ಅದೊಂದೇ.

ನಾವು ಇಷ್ಟು ಎತ್ತರಕ್ಕೆ ಏರಿದ್ದು ಹೇಗೆ ಎಂಬ ಕುತೂಹಲ ತಮಗಿಲ್ಲವೇ? ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೊಸಬರು ಬಂದರೂ ಇಡೀ ಬೀದಿಯ ಒಳ್ಳೆಯ ಸಾಮಾನು ಆ ಮನೆಗೆ ಹೋಗುತ್ತದೆ. ಡ್ರೈವರ್ ಮನೆಯ ಕುರ್ಚಿ, ಟೀಚರ್ ಮನೆಯ ಗಾಜಿನ ಲೋಟ, ಹೀಗೆ. ತಮ್ಮ ಸಮೀಕ್ಷೆಯವರು ಬರುವುದನ್ನು ಮೊದಲೇ ಮೈಕಿನಲ್ಲಿ ಸಾರಿಸಿದಿರಿ. ಅತ್ತೆ ಟೊಂಕ ಕಟ್ಟಿ ನಿಂತರು.

"ಸರ್ಕಾರದೋರು ಮನೆಗೆ ಬರ್ತಾರೆ, ಖಾಲಿ ಮೂಲೆ ತೋರಿಸೋಕಾಗುತ್ತೇನೇ?"

ಬೀದಿಗಿರುವುದು ಒಂದೇ ಫ್ರಿಜ್ಜು, ಟೈಲರ್ ಅಣ್ಣನದು. ಒಂದು ಮನೆ ನೋಡಿ ಹೊರಟ ತಮ್ಮವರನ್ನು ಮುಂಬಾಗಿಲಲ್ಲಿ ಮಾತಿಗೆಳೆದು ನಿಲ್ಲಿಸುವಷ್ಟರಲ್ಲಿ ಅದು ಹಿಂಬಾಗಿಲಿನಿಂದ ತರಕಾರಿಯವನ ತಳ್ಳುಗಾಡಿ ಏರಿ ಮುಂದಿನ ಮನೆ ಸೇರುತ್ತಿತ್ತು. ತಮ್ಮವರು ಮನೆಮನೆಯಲ್ಲೂ ಅದನ್ನು ಬರೆದುಕೊಂಡರು, ಮನೆಮನೆಯಲ್ಲೂ ಅದರೊಳಗಿನ ನೀರು ಕುಡಿದರು. ನಮ್ಮ ಮನೆಗೆ ಬರುವ ಹೊತ್ತಿಗೆ ನೀರು ಬೆಚ್ಚಗಾಗಿತ್ತು.

"ಇಲ್ಲಿ ವೋಲ್ಟೇಜ್ ಕಮ್ಮಿ ಅನ್ಸುತ್ತೆ," ಎಂದರು.

"ಹೂಂ ಸ್ವಾಮಿ, ಆಗಾಗ ಹಾಗಾಗುತ್ತೆ," ಎಂದರು ಅತ್ತೆ, ಏನೂ ಗೊತ್ತಿಲ್ಲದವರ ಹಾಗೆ.

ಆ ಫ್ರಿಜ್ಜಿನ ಬಾಗಿಲಿಗೆ ಟೈಲರ್ ಅಣ್ಣನ ಮಗಳು ಒಂದು ಗಿಳಿಯ ಚಿತ್ರ ಅಂಟಿಸಿದ್ದಾಳೆ, ಅದೂ ತಲೆಕೆಳಗಾಗಿ. ಪ್ರತಿ ಮನೆಯಲ್ಲೂ ಅದೇ ತಲೆಕೆಳಗಾದ ಗಿಳಿ ಕಂಡರೂ ತಮ್ಮವರಿಗೆ ಅನುಮಾನ ಬರಲಿಲ್ಲವೇ? ಅಥವಾ ಗಿಳಿಗೆ ಕಾಲಂ ಇರಲಿಲ್ಲವೇ?

ಸುಳ್ಳು ಹೇಳಿದಿರೆಂದು ನಮ್ಮ ಮೇಲೆ ಎಗರಬೇಡಿ. ಫ್ರಿಜ್ಜು ಇದೆಯೇ ಎಂದು ಕೇಳಿದರು, ಕಣ್ಣೆದುರೇ ಇತ್ತು. ಯಾರದೆಂದು ಕೇಳಲಿಲ್ಲ. ಒಂದು ಪ್ರದೇಶವನ್ನು ಇನ್ನೊಂದರ ಪಕ್ಕ ನಿಲ್ಲಿಸಿ ಎತ್ತರ ನೋಡುವ ತಮ್ಮಂಥ ವಿದ್ವಾಂಸರಿಗೆ, ಈ ಮನೆಯವರು ಎದ್ದು ನಡೆಯಬಲ್ಲರೇ ಎಂದು ವಿಚಾರಿಸಲು ಹೊಳೆಯಲೇ ಇಲ್ಲವೇ? ಅತ್ತೆ ಅವತ್ತು ಹುಣ್ಣಿನ ಕಾಲನ್ನು ಕುರ್ಚಿಯಡಿಗೆ ಸರಿಸಿಕೊಂಡು ನಗುನಗುತ್ತಾ ಕೂತಿದ್ದರು.

ದೊಡ್ಡಾಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಹೇಳಿಬಿಟ್ಟಿದ್ದಾರೆ, ಇನ್ನೂ ತಡ ಮಾಡಿದರೆ ಕಾಲು ತೆಗೆಯಬೇಕಾಗುತ್ತದಂತೆ. ಆದ್ದರಿಂದ ನರ್ಸಮ್ಮ ಈ ವಾರವೇ ಬರಬೇಕು. ಮರುಸಮೀಕ್ಷೆ, ಮೇಲ್ಮನವಿ, ಪರಿಶೀಲನಾ ಸಮಿತಿ ಎಲ್ಲ ಆಮೇಲೆ ನಿಧಾನವಾಗಿ ಆಗಲಿ.

ಈ ಪತ್ರದ ಒಂದು ಪ್ರತಿ ಪತ್ರಿಕೆಗೂ ಹೋಗುತ್ತದೆಂದು ತಿಳಿದು ಅತ್ತೆ ನನ್ನ ಕೈ ಹಿಡಿದುಕೊಂಡರು.

"ನಾವು ಹಿಂದುಳಿದೋರು ಅಂತ ಮಾತ್ರ ಬರೀಬೇಡ ಕಣೇ. ನಾಲ್ಕು ಜನ ಓದ್ತಾರೆ."

ಬರೆಯುತ್ತಿದ್ದೇನೆ: ನಾವು ಹಿಂದುಳಿದವರು. ಅತ್ತೆ ಓದಿ ಬೈಯಲಿ. ಎರಡೂ ಕಾಲಿನ ಮೇಲೆ ನಿಂತು ಬೈಯಲಿ.

ಇಂತಿ,
ತಮ್ಮ ವರದಿಯ ಪ್ರಕಾರ ಯಾವ ಕೊರತೆಯೂ ಇಲ್ಲದ
ಒಬ್ಬ ಸೊಸೆ